ನಮ್ಮಾಕಿ ಭಾಳ ಬೆರಕಿ

"ನಿಮ್ಮಾಕಿ ಉಂಡಳೇನ್ರಿ?"

ಸಂಜೆ ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ಅವ್ವ ಕೇಳುತ್ತಿದ್ದ ಮೊದಲ ಮಾತು ಇದು. ಅಪ್ಪ ಗಂಭೀರವಾಗಿಯೇ ಉತ್ತರ ಕೊಡುತ್ತಿದ್ದ. "ಉಂಡಳು. ಆದ್ರ ಇವತ್ತ ಅರ್ಧಾ ಬಿಟ್ಟಾಳ." ಆಮೇಲೆ ಅವನು ಬಚ್ಚಲಿಗೆ ಹೋಗುತ್ತಿದ್ದ, ಅವ್ವ ರೊಟ್ಟಿ ಬಡಿಯಲು ಕೂರುತ್ತಿದ್ದಳು. ಮಲ್ಕಾಜ್‌ಗಿರಿಯಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ಮನೆ ಒಬ್ಬ ರೈಲ್ವೆ ಗಾರ್ಡರದು. ಅವರ ಹೆಂಡತಿ ಹುಬ್ಬಳ್ಳಿ ಕಡೆಯವರು. ನಾವು ಬಂದ ಹೊಸತರಲ್ಲಿ ಈ ಮಾತು ಅವರ ಕಿವಿಗೆ ಬಿದ್ದು, ಈ ಮನುಷ್ಯನಿಗೆ ಇನ್ನೊಂದು ಸಂಸಾರ ಇದೆ, ಹೆಂಡತಿ ಮಾತ್ರ ಬಲು ದೊಡ್ಡ ಮನಸ್ಸಿನವಳು ಎಂದು ತಿಂಗಳುಗಟ್ಟಲೆ ನಂಬಿದ್ದರಂತೆ. "ನಿಮ್ಮಾಕಿ" ಎಂದರೆ ಒಂದು ಸಿಂಹಿಣಿ ಎಂದು ತಿಳಿದಾಗ ಅವರಿಗೆ ಸ್ವಲ್ಪ ನಿರಾಸೆಯೇ ಆಯಿತು.

ಅಪ್ಪ ಸಿಂಹ ನೋಡಿಕೊಳ್ಳುವವನು. ಊರಿನ ದೊಡ್ಡ ಮೃಗಾಲಯದಲ್ಲಲ್ಲ. ಜೀಡಿಮೆಟ್ಲಾದ ಕಾರ್ಖಾನೆಗಳನ್ನೂ ಅವುಗಳ ಔಷಧದ ವಾಸನೆಯನ್ನೂ ದಾಟಿ ಇನ್ನೂ ಮುಂದೆ ಹೋದರೆ ಒಂದು ಟ್ರಸ್ಟಿನವರು ನಡೆಸುತ್ತಿದ್ದ ಸಣ್ಣ ಮೃಗಾಲಯವಿತ್ತು, ಅಲ್ಲಿ. ಈಗ ಅದು ಇಲ್ಲ. ಆ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ, ಒಂದರ ಗೇಟಿನಲ್ಲಿ ಸಿಮೆಂಟಿನ ಎರಡು ಸಿಂಹಗಳು ಕೂತಿವೆ. ನಾವು ಬಿಜಾಪುರ ಜಿಲ್ಲೆಯ ಜೋಳದ ಸೀಮೆಯವರು. ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಬಂದ ಅಪ್ಪ ಆ ಮೃಗಾಲಯದ ಕಾಂಪೌಂಡ್ ಕಟ್ಟಲು ಹೋಗಿ, ಗೋಡೆ ಮುಗಿದ ಮೇಲೆ ಅಲ್ಲೇ ಉಳಿದುಬಿಟ್ಟ. "ಗೋಡಿ ಕಟಗೋತ ಕಟಗೋತ ನಾನೂ ಒಳಗ ಸಿಕ್ಕೊಂಡ್ನಿ" ಎಂದು ಹೇಳಿ ತಾನೇ ಮೊದಲು ನಗುತ್ತಿದ್ದ. ಸಿಟಿ ಬಸ್ಸಿನಲ್ಲಿ ಅವನ ಪಕ್ಕದ ಸೀಟು ಯಾವಾಗಲೂ ಖಾಲಿ. ಎಷ್ಟು ಸೋಪು ಹಚ್ಚಿದರೂ ಸಿಂಹದ ವಾಸನೆ ಹೋಗುವುದಿಲ್ಲ. ಚಿಕ್ಕವಳಿದ್ದಾಗ ನನಗೆ ಅದರಿಂದ ನಾಚಿಕೆಯಾಗುತ್ತಿತ್ತು ಎಂದು ಬರೆಯಬೇಕೇನೋ, ಓದುವವರು ಅದನ್ನೇ ನಿರೀಕ್ಷಿಸುತ್ತಾರೆ. ಆಗುತ್ತಿರಲಿಲ್ಲ. ಶಾಲೆಯಲ್ಲಿ ಯಾರ ಅಪ್ಪನಿಗೆ ಏನು ಕೆಲಸ ಎಂದು ಕೇಳಿದಾಗ ಇಡೀ ತರಗತಿ ನನ್ನ ಕಡೆ ತಿರುಗುತ್ತಿತ್ತು. ಆ ಸುಖವನ್ನು ನಾನು ಯಾವ ಟಿಕೆಟ್ ಕಲೆಕ್ಟರನ ಮಗಳಿಗೂ ಬಿಟ್ಟುಕೊಟ್ಟವಳಲ್ಲ.

ನಮ್ಮಾಕಿ ಹುಟ್ಟಿದ್ದು ಅಲ್ಲೇ. ಅವಳ ತಾಯಿಗೆ ಹಾಲು ಬರಲಿಲ್ಲ. ಅಪ್ಪ ಆಡಿನ ಹಾಲು ಕಾಸಿ, ಆರಿಸಿ, ಸೀಸೆಯಲ್ಲಿ ಕುಡಿಸಿ ಉಳಿಸಿಕೊಂಡ. ಅವಳಪ್ಪ ಒಂದು ಸರ್ಕಸ್ಸಿನವರು ಡೇರೆ ಕಿತ್ತು ಹೋಗುವಾಗ ಬಿಟ್ಟುಕೊಟ್ಟ ಗಂಡು. ಆ ಗಂಡು ಯಾವ ದೇಶದ್ದು, ಅದರ ಅಪ್ಪ ಅಮ್ಮ ಯಾರು ಎಂದು ಆಗ ಯಾರೂ ಕೇಳಲಿಲ್ಲ. ಕೇಸರ ಇತ್ತು, ಗರ್ಜಿಸುತ್ತಿತ್ತು, ಜನ ಟಿಕೆಟ್ ತೆಗೆದು ನೋಡುತ್ತಿದ್ದರು. ಅಷ್ಟರಲ್ಲಿ ಎಲ್ಲರಿಗೂ ತೃಪ್ತಿಯಿತ್ತು.

ಸೋಮವಾರ ಮೃಗಾಲಯಕ್ಕೆ ರಜೆ, ಸಿಂಹಗಳಿಗೆ ಉಪವಾಸ. ಹೊಟ್ಟೆಗೆ ವಾರಕ್ಕೊಂದು ದಿನ ಬಿಡುವು ಬೇಕು ಎನ್ನುವುದು ಅಲ್ಲಿಯ ಪದ್ಧತಿ. ತಾನು ಸಾಕಿದ್ದು ಹಸಿದಿರುವಾಗ ತಾನು ಉಣ್ಣುವುದು ಹೇಗೆ ಎಂದು ಅಪ್ಪನೂ ಸೋಮವಾರ ಉಪವಾಸ ಹಿಡಿದ. ಓಣಿಯವರು ಶಿವಭಕ್ತ ಎಂದು ಕೈಮುಗಿಯುತ್ತಿದ್ದರು. ಆದರೆ ಒಂದು ಸೋಮವಾರ ಸುಮ್ಮನೆ ಬೋನಿನ ಕಡೆ ಹೋದ ಅಪ್ಪನಿಗೆ ಎಲುಬು ಕಡಿಯುವ ಸದ್ದು ಕೇಳಿಸಿತು. ನಮ್ಮಾಕಿ ಭಾನುವಾರದ ಎಲುಬನ್ನು ನೀರಿನ ತೊಟ್ಟಿಯ ಹಿಂದೆ ಬಚ್ಚಿಟ್ಟುಕೊಂಡು ಆರಾಮಾಗಿ ತಿನ್ನುತ್ತಿದ್ದಳು. ಮನೆಗೆ ಬಂದವನೇ ಅಪ್ಪ ಅವ್ವನಿಗೆ ಹೇಳಿದ. "ನಾ ಇಲ್ಲಿ ಉಪವಾಸ, ಆಕಿ ಅಲ್ಲಿ ಊಟ! ಎಂಥಾ ಬೆರಕಿ ಅದಾಳ ನೋಡು."

ಬೆರಕಿ ಎಂದರೆ ನಮ್ಮ ಕಡೆ ಚಾಲಾಕಿ, ಯಾರ ಕೈಗೂ ಸುಲಭಕ್ಕೆ ಸಿಗದವರು. ಬಾಯಿ ಯಾರದು ಎನ್ನುವುದರ ಮೇಲೆ ಅದು ಬೈಗುಳವೂ ಆಗುತ್ತದೆ, ಮೆಚ್ಚುಗೆಯೂ ಆಗುತ್ತದೆ. ಅಪ್ಪನ ಬಾಯಲ್ಲಿ ಅದಕ್ಕಿಂತ ದೊಡ್ಡ ಬಿರುದು ಇರಲಿಲ್ಲ. ನಾನು ಮೊದಲ ಸಂಬಳ ತಂದ ದಿನವೂ "ನನ್ನ ಮಗಳು ಬೆರಕಿ ಅದಾಳ" ಎಂದೇ ಗಾರ್ಡರಿಗೆ ಹೇಳಿದ್ದ.

ನಮ್ಮಾಕಿ ಎರಡು ಸಲ ಮರಿ ಹಾಕಿದಳು, ಒಟ್ಟು ಐದು. ಒಂದು ಸಲ ಪತ್ರಿಕೆಯಲ್ಲಿ ಫೋಟೋ ಬಂತು. ಮರಿಗಳನ್ನು ಎತ್ತಿ ಹಿಡಿದಿದ್ದವನು ಅಪ್ಪ, ಆದರೆ ಫೋಟೋದಲ್ಲಿ ಮೊಣಕೈವರೆಗೆ ಮಾತ್ರ ಇದ್ದ. ಅದನ್ನು ಕತ್ತರಿಸಿ ದೇವರ ಫೋಟೋದ ಪಕ್ಕಕ್ಕೆ ಅಂಟಿಸಿ, ಬಂದವರಿಗೆಲ್ಲ ತೋರಿಸುತ್ತಿದ್ದ. "ಈ ಕೈ ನಂದು." ಮರಿಗಳು ಬೆಳೆದು ಬೇರೆ ಬೇರೆ ಊರುಗಳಿಗೆ ಹೋದವು. ಹೆಣ್ಣು ಕೊಟ್ಟ ಮನೆಯ ಸುದ್ದಿ ಕೇಳುವಂತೆ ಅವನು ಆ ಊರುಗಳ ಸುದ್ದಿ ಕೇಳುತ್ತಿದ್ದ.

ಅದು ಹೈದರಾಬಾದಿಗೆ ಹೈದರಾಬಾದೇ ಕಂಪ್ಯೂಟರ್ ಕಲಿಯುತ್ತಿದ್ದ ಕಾಲ. ಅಮೀರ್‌ಪೇಟೆಯ ಗೋಡೆಗಳಲ್ಲಿ ಕೋರ್ಸುಗಳ ಬೋರ್ಡು ಬಿಟ್ಟರೆ ಸುಣ್ಣ ಕಾಣುತ್ತಿರಲಿಲ್ಲ. ನಾನೂ ಕಲಿತೆ. ಸಿಕ್ಕ ಕೆಲಸ ಸಾಫ್ಟ್‌ವೇರಿನದಲ್ಲ. ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ಬಗ್ಗೆ ಹೇಳಿ ಕಳಿಸಿದ್ದನ್ನು ಕಿವಿಗೆ ಹೆಡ್‌ಫೋನ್ ಹಚ್ಚಿಕೊಂಡು ಕೇಳಿ ಟೈಪ್ ಮಾಡುವುದು. ಇಂಗ್ಲಿಷಿನಲ್ಲಿ ಒಂದು ಕಪ್ ಚಹಾ ಕೇಳಲು ತಡವರಿಸುತ್ತಿದ್ದ ನಾನು ಪಿತ್ತಕೋಶದ ಕಲ್ಲು ತೆಗೆದ ವಿವರವನ್ನು ಒಂದು ತಪ್ಪಿಲ್ಲದೆ ಬರೆಯಬಲ್ಲವಳಾದೆ. ಹಾಗಾಗಿ ಮೃಗಾಲಯಕ್ಕೆ ಇಂಗ್ಲಿಷಿನಲ್ಲಿ ಕಾಗದ ಬಂದರೆ ಅಪ್ಪ ಅದರ ನಕಲನ್ನು ಮನೆಗೆ ತರುತ್ತಿದ್ದ, ನಾನು ಓದಿ ಹೇಳುತ್ತಿದ್ದೆ.

ಸರ್ಕಾರದಿಂದ ಬಂದ ಅಂಥ ಒಂದು ಕಾಗದದಲ್ಲಿ ಹೀಗಿತ್ತು. ದೇಶದ ಎಷ್ಟೋ ಮೃಗಾಲಯಗಳಲ್ಲಿ ನಮ್ಮ ದೇಶದ ಸಿಂಹಕ್ಕೂ ಆಫ್ರಿಕಾದ ಸಿಂಹಕ್ಕೂ ಕೂಡಿಕೆಯಾಗಿ ಮರಿಗಳಾಗಿವೆ. ಇನ್ನು ಮುಂದೆ ಅಂಥವುಗಳಿಗೆ ಮರಿ ಮಾಡಿಸಬಾರದು. ಪ್ರತಿ ಸಿಂಹದ ರಕ್ತ ಪರೀಕ್ಷೆಯಾಗಬೇಕು. ಪರೀಕ್ಷೆಯಲ್ಲಿ ಗೆದ್ದ ಹೆಣ್ಣಿಗೆ ಗುಜರಾತಿನ ಕಾಡಿನ ವಂಶದ ಗಂಡನ್ನು ಜೊತೆ ಮಾಡುತ್ತಾರೆ. ಸೋತವು ಸಾಯುವವರೆಗೆ ಒಂಟಿ.

ಅಪ್ಪನಿಗೆ ಅದರಲ್ಲಿ ಕೇಳಿಸಿದ್ದು ಗುಜರಾತಿನ ಗಂಡು ಮಾತ್ರ. ನಮ್ಮಾಕಿ ಗೆಲ್ಲುತ್ತಾಳೆ, ಅವಳ ಮರಿಗಳು ಒಂದಿಲ್ಲೊಂದು ದಿನ ಬೋನಿನಲ್ಲಲ್ಲ, ಕಾಡಿನಲ್ಲಿ ಓಡಾಡುತ್ತವೆ ಎಂದು ಅವನು ಅವತ್ತೇ ತೀರ್ಮಾನಿಸಿದ. ಅವ್ವ ಎರಡು ರೊಟ್ಟಿ ಹೆಚ್ಚು ಬಡಿದಳು.

ರಕ್ತ ತೆಗೆಯಲು ಬರುವವರು ಒಂದು ಪ್ರಯೋಗಾಲಯದ ಡಾಕ್ಟರು, ಮೈಸೂರಿನ ಕಡೆಯ ಹೆಂಗಸು. ಅಪ್ಪ ಅವರನ್ನು ಡಾಕ್ಟರ್‌ಬಾಯಾರ ಎಂದು ಕರೆಯುತ್ತಿದ್ದ. ಮಾಮೂಲಿ ರೀತಿ ಎಂದರೆ ದೂರದಿಂದ ಮತ್ತಿನ ಸೂಜಿ ಹೊಡೆದು ಮಲಗಿಸುವುದು. ಹಿಂದೊಮ್ಮೆ ಹಲ್ಲು ಕೀಳಲು ಹಾಗೆ ಮಲಗಿಸಿದಾಗ ನಮ್ಮಾಕಿ ಏಳಲು ತಡಮಾಡಿ ಅಪ್ಪನ ಜೀವ ಬಾಯಿಗೆ ತಂದಿದ್ದಳು. "ಒಂದ್ ತಿಂಗಳ ಕೊಡ್ರಿ ಬಾಯಾರ. ಎಚ್ಚರ ಇದ್ದಾಗನ ಕೊಡಸ್ತೀನಿ" ಎಂದ ಅಪ್ಪ. ಡಾಕ್ಟರು ನಂಬಲಿಲ್ಲ, ಆದರೆ ತಿಂಗಳು ಕೊಟ್ಟರು.

ಆ ತಿಂಗಳು ಅಪ್ಪ ಮಾಡಿದ್ದನ್ನು ನಾನು ನನ್ನ ರಜೆಯ ದಿನಗಳಲ್ಲಿ ಹೋಗಿ ಕಣ್ಣಾರೆ ನೋಡಿದ್ದೇನೆ. ಮೊದಲು ಉದ್ದ ಕಡ್ಡಿಗೆ ಮಾಂಸದ ತುಣುಕು ಸಿಕ್ಕಿಸಿ ಅವಳನ್ನು ಸರಳುಗಳ ಉದ್ದಕ್ಕೆ ಮಲಗಿಸುವುದು. ಆಮೇಲೆ ಕೆಳಗಿನ ಸಂದಿನಿಂದ ಬಾಲವನ್ನು ಮುಟ್ಟುವುದು, ಮುಟ್ಟಿದ ಕೂಡಲೇ ಮುಂದಿನಿಂದ ಒಂದು ತುಣುಕು. ನಂತರ ಬಾಲವನ್ನು ಹಿಡಿಯುವುದು. ನಂತರ ಒದ್ದೆ ಹತ್ತಿಯಿಂದ ಒರೆಸುವುದು. ಆಮೇಲೆ ಬೇವಿನ ಕಡ್ಡಿಯಿಂದ ಚುಚ್ಚುವುದು, ಮೆಲ್ಲಗೆ, ದಿನಕ್ಕೆ ಒಂಚೂರು ಹೆಚ್ಚು. "ಬಾಲಾ ಕೊಡವ್ವ" ಎನ್ನುತ್ತಿದ್ದ. ಇಪ್ಪತ್ತು ದಿನಕ್ಕೆಲ್ಲ ಅವಳು ಅಪ್ಪನ ದನಿ ಕೇಳಿದರೆ ಬೆನ್ನು ತಿರುಗಿಸಿ, ತಾನಾಗಿಯೇ ಬಾಲವನ್ನು ಸರಳಿನಾಚೆ ಬಿಟ್ಟು ಮಲಗುತ್ತಿದ್ದಳು. ಪಕ್ಕದ ಬೋನಿನಲ್ಲಿ ಇನ್ನೊಂದು ಹೆಣ್ಣಿತ್ತು, ಬೇರೆ ಊರಿಂದ ಎರವಲು ಬಂದದ್ದು, ಗುಜರಾತಿನ ವಂಶ ಎಂದು ಕಾಗದ ಇದ್ದದ್ದು. ಅಪ್ಪ ಅದನ್ನು ಹೊಸಾಕಿ ಎನ್ನುತ್ತಿದ್ದ. ಇವಳಿಗೆ ಸಿಗುವ ತುಣುಕು ನೋಡಿ ಹೊಸಾಕಿಯೂ ಬಾಲ ಕೊಡುವುದನ್ನು ಕಲಿತಳು.

ಡಾಕ್ಟರು ಬಂದ ಭಾನುವಾರ ನಾನೂ ಹೋಗಿದ್ದೆ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. "ಬಾಲಾ ಕೊಡವ್ವ" ಎಂದ, ಅವಳು ಕೊಟ್ಟಳು. ಡಾಕ್ಟರು ಕೂತು, ಬಾಲದ ಒಳಮೈಯ ನರ ಹುಡುಕಿ, ಸೂಜಿ ಇಳಿಸಿ ರಕ್ತ ಎಳೆದರು. ನಮ್ಮಾಕಿ ಒಂದು ಸಲ ಕಿವಿ ಅಲ್ಲಾಡಿಸಿದಳು, ಅಷ್ಟೆ. ಇದನ್ನು ಎಲ್ಲಿ ಕಲಿತಿರಿ ಎಂದು ಡಾಕ್ಟರು ಕೇಳಿದರು. "ಎಮ್ಮಿ ಹಿಂಡೂ ಮುಂದ ಕೆಚ್ಚಲಾ ಮುಟ್ಟಿ ಮುಟ್ಟಿ ರೂಢಿ ಮಾಡ್ತೀವಲ್ರಿ, ಹಂಗ" ಎಂದ ಅಪ್ಪ. ಅವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಆಫೀಸಿನವರು ಯಾರಾದರೂ ಇದ್ದಿದ್ದರೆ ಕರೆದು ತೋರಿಸುತ್ತಿದ್ದೆ.

ಎಡವಟ್ಟಾದದ್ದು ಅದರ ಮರುಕ್ಷಣ. ರಕ್ತದ ಸೀಸೆಗೆ ಚೀಟಿ ಹಚ್ಚುತ್ತ ಡಾಕ್ಟರು ಮೆಲ್ಲಗೆ ಹೇಳಿದರು. "ನೋಡಿ, ನಿಮಗೆ ಬೇಜಾರಾಗಬಾರದು. ಇದು ಬೆರಕೆ ಇರಬಹುದು ಅಂತ ನಮಗೊಂದು ಅನುಮಾನ."

ನಮ್ಮ ಕಡೆ ಮನೆ ಮನಿಯಾಗುತ್ತದೆ, ಎಮ್ಮೆ ಎಮ್ಮಿಯಾಗುತ್ತದೆ. ಬೆರಕೆ ಎಂದು ಯಾರಾದರೂ ಅಂದರೆ ಅಪ್ಪನ ಕಿವಿಗೆ ಮುಟ್ಟುವುದು ಒಂದೇ ಶಬ್ದ. ಅವನ ಮುಖ ಅರಳಿತು.

"ಅನುಮಾನ ಏನ್ ಬಂತ್ರಿ ಬಾಯಾರ! ಪೂರಾ ಬೆರಕಿ ಅದಾಳ."

"ನಿಮಗೆ ಮೊದಲೇ ಗೊತ್ತಿತ್ತಾ?"

"ಸೀಸೇದಾಗ ಹಾಲ ಕುಡೀತಿದ್ಲಲ್ಲ, ಅವಾಗಿಂದ ಗೊತ್ತೈತ್ರಿ. ಇವರಪ್ಪನೂ ಹಂಗ ಇದ್ದ. ಐದು ಮರಿ ಹಾಕಿದ್ಲು, ಐದೂ ಬೆರಕಿ!"

ಡಾಕ್ಟರ ಪೆನ್ನು ಸರಸರ ಓಡಿತು. ಅವರು ಹೇಳಿದ್ದು ಕಲಬೆರಕೆಯ ಬೆರಕೆ ಎಂದು ನನಗೆ ಥಟ್ಟನೆ ಹೊಳೆಯಿತು. ನಗುವೂ ಬಂತು. ಆಮೇಲೆ ಸರಿಪಡಿಸಿದರಾಯಿತು, ಈಗಲೇ ಬಾಯಿ ಹಾಕಿ ಅಪ್ಪನ ಮುಖ ಸಣ್ಣದು ಮಾಡುವುದು ಯಾಕೆ ಎಂದು ಸುಮ್ಮನಿದ್ದೆ. ಅವರ ಜೀಪು ಹೋಯಿತು. ಬಾಯಿ ಜೋರು ಎಂದು ಹೆಸರಾದವಳು ನಾನು, ಮಾತಾಡಲೇಬೇಕಾಗಿದ್ದ ಒಂದೇ ಕಡೆ ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಕೆಲವು ವಾರಗಳ ನಂತರ ವರದಿ ಬಂತು. ಅಪ್ಪ ಅದರ ನಕಲನ್ನು ಅಂಗಿಯ ಒಳಗಿಟ್ಟುಕೊಂಡು ಬಂದ. ಮೃಗಾಲಯದ ಮ್ಯಾನೇಜರ್ ಎಲ್ಲರ ಎದುರು ಕೂಗಾಡಿದ್ದರಂತೆ, ಉಂಡ ಮನೆಗೆ ಎರಡು ಬಗೆದೆ ಎಂದು. ಯಾಕೆ ಎಂದು ಅಪ್ಪನಿಗೆ ಅರ್ಥವಾಗಿರಲಿಲ್ಲ. ಅವ್ವ ಬೇಗಂ ಬಜಾರಿನಿಂದ ತಂದ ಬಿಳಿಜೋಳವನ್ನು ಮೊರದಲ್ಲಿ ಹಾಕಿಕೊಂಡು ಹಸನು ಮಾಡುತ್ತ ಕೂತಿದ್ದಳು. ನಾನು ಓದಿದೆ. ರಕ್ತದಲ್ಲಿ ಆಫ್ರಿಕಾದ ಅಂಶ ಇದೆ. ಅದರ ಕೆಳಗೆ ಇನ್ನೊಂದು ಸಾಲು: ಈ ಪ್ರಾಣಿ ಮಿಶ್ರತಳಿ ಎಂಬುದನ್ನು, ಇದರ ತಂದೆ ಮತ್ತು ಐದೂ ಮರಿಗಳು ಮಿಶ್ರತಳಿ ಎಂಬುದನ್ನು, ಹುಟ್ಟಿದಾಗಿನಿಂದ ಸಾಕಿದವರೇ ಖಚಿತಪಡಿಸಿದ್ದಾರೆ.

ಹೇಗೆ ಹೇಳಲಿ? ಆಫೀಸಿನಲ್ಲಿ ದಿನಕ್ಕೆ ಹತ್ತು ಕೆಟ್ಟ ಸುದ್ದಿಗಳನ್ನು ನಿರುಮ್ಮಳವಾಗಿ ಟೈಪ್ ಮಾಡುವವಳಿಗೆ ನಾಲಿಗೆ ಏಳಲಿಲ್ಲ. ಅವ್ವನ ಮೊರ ನೋಡಿ ದಾರಿ ಸಿಕ್ಕಿತು.

"ಅಪ್ಪಾ, ಹೈಬ್ರಿಡ್ ಜ್ವಾಳ ಐತೆಲ್ಲ, ಹಂಗ. ನಮ್ಮಾಕಿ ಹೈಬ್ರಿಡ್ ಅಂತ."

"ಹೈಬ್ರಿಡ್ ಅಂದ್ರ ಚಲೋನ ಆತಲ್ಲ? ತೆನಿ ಎಷ್ಟ್ ದೊಡ್ಡದ ಬರ್ತೈತಿ" ಎಂದ ಅಪ್ಪ. ಹಾಗೆಂದವನು ನಡುವೆಯೇ ನಿಲ್ಲಿಸಿದ. ಜೋಳದ ಸೀಮೆಯವನಿಗೆ ಮುಂದಿನದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೈಬ್ರಿಡ್ ಜೋಳವನ್ನು ಉಣ್ಣಬಹುದು, ಮಾರಬಹುದು. ಬೀಜಕ್ಕೆ ಇಡುವಂತಿಲ್ಲ.

ಅವನು ಕೇಳಿದ್ದು ಒಂದೇ. "ಆ ಐದೂ ಮರೀಗೂ ಮುಂದ ಮರಿ ಆಗಂಗಿಲ್ಲೇನು?" ಇಲ್ಲ ಎಂದೆ. ಆಮೇಲೆ ಬೆರಕೆ ಬೆರಕಿಯ ಕಥೆಯನ್ನೂ, ನಾನು ತಿಳಿದೂ ಸುಮ್ಮನಿದ್ದದ್ದನ್ನೂ ಹೇಳಿ ಅತ್ತೆ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವ್ವ ಮೊರ ಕೆಳಗಿಟ್ಟು, "ಆ ಮೈಸೂರಾಕಿಗೆ ನೆಟ್ಟಗ ಮಾತಾಡಾಕ ಏನಾಗಿತ್ತ?" ಎಂದು ತಪ್ಪನ್ನು ನಾಡಿನ ಇನ್ನೊಂದು ತುದಿಗೆ ಸಾಗಹಾಕಿದಳು.

ಮ್ಯಾನೇಜರ್ ವರದಿ ಒಪ್ಪಲಿಲ್ಲ, ಮತ್ತೊಮ್ಮೆ ಪರೀಕ್ಷೆಯಾಗಬೇಕು ಎಂದು ಬರೆದರು. ಅವರು ತೆಲುಗಿನವರು, ಅಪ್ಪನ ಜೊತೆ ಈ ಊರಿನ ಹಿಂದಿಯಲ್ಲಿ ಮಾತಾಡುತ್ತಿದ್ದರು. ಡಾಕ್ಟರು ಬರುವ ಮುನ್ನಾದಿನ ಅಪ್ಪನನ್ನು ಕರೆದು ಕೂರಿಸಿ, ಚಹಾ ತರಿಸಿ ಹೇಳಿದರಂತೆ. ಹೊಸಾಕಿಯನ್ನು ನಮ್ಮಾಕಿಯ ಬೋನಿಗೆ ಬಿಡು. ಅವಳ ಬಾಲ ಕೊಡಿಸು. "ದುಮ್ ದೇಖ್ ಕೇ ಕೌನ್ ಪಹಚಾನ್ತಾ?" ಬಾಲ ನೋಡಿ ಯಾರು ಗುರುತು ಹಿಡಿಯುತ್ತಾರೆ ಎಂದು. ಗುಜರಾತಿನ ಗಂಡು ಬರುತ್ತದೆ, ನಿನ್ನ ಸಿಂಹಿಣಿಗೆ ಮರಿಗಳಾಗುತ್ತವೆ, ನಿನ್ನ ಹೆಸರಿಗೆ ಹತ್ತಿದ ಮಸಿಯೂ ಹೋಗುತ್ತದೆ. ಮಾಡದಿದ್ದರೆ ಸಿಂಹದ ಕಡೆ ಮತ್ತೆ ಕಾಲಿಡಬೇಡ.

ಮನೆಗೆ ಬಂದು ಅಪ್ಪ ಇದನ್ನೆಲ್ಲ ಹೇಳಿದಾಗ, ನಾನು ಸುಳ್ಳು ಹೇಳುವುದಿಲ್ಲ, ಮಾಡಿಬಿಡು ಎಂದೆ. ನನ್ನ ತಪ್ಪು ಅಳಿಸಿಹೋಗುತ್ತದೆ ಎಂಬ ಆಸೆ ನನಗೆ. ಅಷ್ಟು ಚಂದದ ಪ್ರಾಣಿ, ಎಲ್ಲಿಯದೋ ಅಜ್ಜನ ರಕ್ತಕ್ಕೆ ಅವಳು ಯಾಕೆ ಬಂಜೆಯಂತೆ ಬದುಕಬೇಕು ಎಂದು ಸಿಟ್ಟೂ ಇತ್ತು. ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಟಿಕೆಟ್ಟಿನ ಆಸೆಗೆ ಸಿಕ್ಕ ಸಿಕ್ಕ ಸಿಂಹಗಳನ್ನು ಜೋಡಿ ಮಾಡಿದವರು ಮನುಷ್ಯರು, ಶಿಕ್ಷೆ ಅವಳಿಗೆ.

ಅಪ್ಪ ತಲೆ ಅಲ್ಲಾಡಿಸಿದ. "ನಮ್ಮಪ್ಪ ಬೀಜದ ಜ್ವಾಳಾ ಬೂದ್ಯಾಗ ಕಲಸಿ ಬ್ಯಾರೆ ಗಡಗ್ಯಾಗ ಇಡ್ತಿದ್ದ. ಬರಗಾಲದಾಗ ಮನ್ಯಾಗ ಹಿಟ್ಟ ಇರ್ಲಿಲ್ಲ, ಆದ್ರೂ ಆ ಗಡಗಿ ಮುಟ್ಟಲಿಲ್ಲ. ಕಾಡಿನ ಸಿಂಹ ಒಂದ ಜಾಗಾದಾಗ ಉಳದಾವಂತ. ನಾಳೆ ಅಲ್ಲಿ ರೋಗ ಬಿತ್ತಂದ್ರ, ಇಲ್ಲಿ ಬೋನಿನ್ಯಾಗಿದ್ದವ ಬೀಜ ಅಂತ ಬಾಯಾರು ಹೇಳ್ಯಾರ. ಬೀಜದ ಗಡಗ್ಯಾಗ ನಾ ಹ್ಯಾಂಗ ಹೈಬ್ರಿಡ್ ಸುರೀಲಿ?"

ಅವ್ವ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಉಣ್ಣದೆ ಕೈ ತೊಳೆದುಕೊಂಡ. ಅವತ್ತು ಸೋಮವಾರ ಅಲ್ಲ.

ಮರುದಿನ ನಾನು ರಜೆ ಹಾಕಿ ಅಪ್ಪನ ಜೊತೆ ಹೋದೆ. ಡಾಕ್ಟರು ಬೋನಿನ ಹಿಂಬದಿಗೆ, ಬಾಲ ಬರುವ ಸಂದಿನ ಹತ್ತಿರ ತಮ್ಮ ಪೆಟ್ಟಿಗೆ ಬಿಚ್ಚಿದರು. ಮ್ಯಾನೇಜರ್ ಕೈಕಟ್ಟಿ ನಿಂತಿದ್ದರು. ಅಪ್ಪ ಬಾಲ ಕೊಡು ಎನ್ನಲಿಲ್ಲ. ಮುಂದಿನ ಕಡೆಗೆ ಹೋಗಿ ನಿಂತು ಕರೆದ.

"ಬಾಯಾರ, ಇಲ್ಲಿ ಬರ್ರಿ. ಮೊದಲ ಮುಖಾ ನೋಡ್ರಿ, ಆಮ್ಯಾಲ ಬಾಲಾ."

ಡಾಕ್ಟರು ಎದ್ದು ಬಂದರು. "ಈ ಹಲ್ಲಿಲ್ಲ, ನೋಡ್ರಿ. ಅವತ್ತ ಕಿತ್ತಿದ್ದು. ಎಡಗಿವಿ ಹರದೈತಿ. ಇಕಿ ನಮ್ಮಾಕಿ. ಅಲ್ಲಿ ಪಕ್ಕದಾಗ ಇರಾಕಿ ಹೊಸಾಕಿ. ಈ ರಕ್ತ ಇಕೀದನ ಅಂತ ಬರಕೋರಿ, ಆಮ್ಯಾಲ ಸೂಜಿ ಚುಚ್ರಿ." ಬೆನ್ನು ನೆಟ್ಟಗೆ ಮಾಡಿಕೊಂಡು ಒಂದೊಂದನ್ನೂ ತೋರಿಸಿ ಹೇಳಿದ. ಮ್ಯಾನೇಜರಿಗೆ ಕನ್ನಡ ತಿಳಿಯದಿದ್ದರೂ ಬೆರಳು ತೋರಿಸುತ್ತಿದ್ದುದು ತಿಳಿಯಿತು. ಅವರು ಅಲ್ಲಿಂದ ಹೊರಟುಹೋದರು.

ಈ ಸಲ ನಾನು ಬಾಯಿ ಮುಚ್ಚಿಕೊಳ್ಳಲಿಲ್ಲ. ಹಿಂದಿನ ಸಲದ ಮಾತಿನ ಎಡವಟ್ಟನ್ನು ಡಾಕ್ಟರಿಗೆ ಬಿಡಿಸಿ ಹೇಳಿದೆ, ಭಾನುವಾರದ ಎಲುಬಿನ ಕಥೆಯ ಸಮೇತ. ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿ ಅಪ್ಪನಿಗೆ ಕೈಮುಗಿದರು. "ತಪ್ಪಾಯ್ತು. ಆ ಸಾಲು ತೆಗೆಸ್ತೀನಿ." ಹೇಳಿದಂತೆ ತೆಗೆಸಿದರು. ರಕ್ತದ ಫಲಿತಾಂಶ ಮಾತ್ರ ಬದಲಾಗಲಿಲ್ಲ. ನಮ್ಮಾಕಿಗೆ ಗುಜರಾತಿನ ಗಂಡು ಬರಲಿಲ್ಲ, ಮತ್ತೆ ಮರಿಗಳೂ ಆಗಲಿಲ್ಲ.

ಅಪ್ಪನನ್ನು ಜಿಂಕೆಗಳ ಕಡೆ ಹಾಕಿದರು. ಹೊಸಬನೊಬ್ಬ ಬಂದ. ಬೋನು ತೊಳೆಯಬೇಕಾದರೆ ಸಿಂಹ ಒಳಗಿನ ಕೋಣೆಗೆ ಹೋಗಬೇಕು. ನಮ್ಮಾಕಿ ಹೋಗಲಿಲ್ಲ. ಒಳಗೆ ಮಾಂಸ ಇಟ್ಟರೆ ಕೈಚಾಚಿ ಎಳೆದುಕೊಂಡು ಹೊರಗೇ ತಿಂದಳು. ನಿದ್ದೆ ಬಂದವಳಂತೆ ಬಿದ್ದುಕೊಂಡು, ಬಾಗಿಲ ಸರಪಳಿ ಸದ್ದಾದರೆ ಒಂದು ಕಣ್ಣು ತೆರೆಯುತ್ತಿದ್ದಳು. ವಾರದಲ್ಲಿ ಬೋನು ನಾರತೊಡಗಿತು, ನೋಡಲು ಬಂದವರು ಮೂಗು ಮುಚ್ಚಿಕೊಂಡು ಹೋದರು. ಹದಿನೈದನೆಯ ದಿನ ಮ್ಯಾನೇಜರೇ ಜಿಂಕೆಗಳ ಬೇಲಿಯವರೆಗೆ ನಡೆದುಬಂದು, ಹೋಗಯ್ಯಾ ನಿನ್ನ ಸಿಂಹದ ಹತ್ತಿರ ಎಂದರು. ಅವತ್ತು ಸಂಜೆ ಅವ್ವ, "ನಿಮ್ಮಾಕಿ ಉಂಡಳೇನ್ರಿ?" ಎಂದು ಕೇಳಿದಾಗ ಅಪ್ಪ ಹೌದೆಂದು ತಲೆ ಆಡಿಸಿ ತಾಟು ಎಳೆದುಕೊಂಡ.

ಆ ನಂತರ ಬೋರ್ಡಿನ ವಿಷಯ. ಇದು ಮಿಶ್ರತಳಿ ಎಂದು ಬೋನಿನ ಮೇಲೆ ಬರೆಸಬೇಕು, ಮುಂದೆ ಯಾರೂ ಗೊತ್ತಿಲ್ಲದೆ ಜೋಡಿ ಮಾಡಬಾರದು ಎಂದು ಡಾಕ್ಟರು ಕಾಗದ ಬರೆದರು. ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಬರೆದ ಬೋರ್ಡು ಬಂತು. ಕೆಳಗೆ ಒಂದು ಸಾಲಿನಷ್ಟು ಜಾಗ ಉಳಿದಿತ್ತು. ಅಪ್ಪ ಅದನ್ನೇ ಎರಡು ದಿನ ನೋಡಿ ನನಗೆ ಹೇಳಿದ. "ಐತವಾರ ನಮ್ಮ ಮಂದಿ ಭಾಳ ಬರ್ತಾರ. ಅವ್ರಿಗೂ ತಿಳೀಬೇಕಲ್ಲ? ಕನ್ನಡದಾಗೂ ಬರಿ." ನಮ್ಮ ಮಂದಿ ಎಂದರೆ ಗುಲ್ಬರ್ಗಾ, ರಾಯಚೂರು ಕಡೆಯಿಂದ ಬಂದು ಹೈದರಾಬಾದಿನ ಹೊಸ ಗಾಜಿನ ಕಟ್ಟಡಗಳಿಗೆ ಇಟ್ಟಿಗೆ ಹೊರುತ್ತಿದ್ದವರು. ಮ್ಯಾನೇಜರನ್ನು ಕೇಳಿದೆ. ಆ ಶಬ್ದಕ್ಕೆ ಕನ್ನಡದಲ್ಲಿ ಏನೆನ್ನುತ್ತೀರಿ ಎಂದರು. ಹೇಳಿದೆ. ಬರೆ ಎಂದರು. ಗ್ರಿಲ್ಲಿಗೆ ಹೊಡೆದು ಮಿಕ್ಕಿದ ಹಸಿರು ಬಣ್ಣದಲ್ಲಿ ದುಂಡಗೆ ಬರೆದೆ: ಬೆರಕಿ.

ಆ ಬಣ್ಣ ಆರಿದ ಮೊದಲ ಭಾನುವಾರ ನಾನು ಅಲ್ಲೇ ಇದ್ದೆ. ಕಟ್ಟಡದ ಕೆಲಸದ ಏಳೆಂಟು ಜನ ಬಂದರು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಒಗೆದ ಬಟ್ಟೆಯಲ್ಲಿ. ಅಪ್ಪನ ಸದ್ದು ಕೇಳಿ ನಮ್ಮಾಕಿ ರೂಢಿಯಂತೆ ಬೆನ್ನು ತಿರುಗಿಸಿ ಬಾಲವನ್ನು ಸರಳಿನಾಚೆ ಚಾಚಿದ್ದಳು. "ಮಂದಿ ಬಂದಾರವ್ವ. ಮೊದಲ ಮುಖಾ ತೋರಸು" ಎಂದ ಅಪ್ಪ. ಅವಳು ಎದ್ದು ಮೈಮುರಿದು ಇತ್ತ ತಿರುಗಿದಳು.

ಗುಂಪಿನಲ್ಲಿ ಓದು ಬರುತ್ತಿದ್ದ ಒಬ್ಬ ಹೆಂಗಸು ಬೋರ್ಡಿನ ಮೇಲಿನ ಎರಡು ಸಾಲು ಬಿಟ್ಟು, ಬೆರಳಿಟ್ಟು ಕೊನೆಯದನ್ನು ಕೂಡಿಸಿ ಓದಿದಳು. "ಬೆ... ರ... ಕಿ. ಬೆರಕಿ!" ಆಮೇಲೆ ಸಿಂಹಿಣಿಯ ಮುಖವನ್ನೊಮ್ಮೆ ನೋಡಿ ಜೊತೆಯವರಿಗೆ ಹೇಳಿದಳು. "ಖರೇನ ಐತಿ. ಕಣ್ಣಾಗ ಕಾಣಾಕತ್ತೈತಿ ನೋಡು."

"ಹೌದವ್ವ, ಭಾಳ ಬೆರಕಿ" ಎಂದ ಅಪ್ಪ. "ಇಕಿನ್ನ ಬೆಳಿಸಿದಾಂವ ನಾನು."